ಆರನೇ ಮನೆಯ ಖಾಲಿ ಚೌಕ

ಆಗಸ್ಟ್ ತಿಂಗಳ ಒಸಾಕಾದಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡವಳಿಗೆ ಸಿಟ್ಟು ಬರಬಾರದು ಎಂದರೆ ಹೇಗೆ ಸ್ವಾಮಿ? ಬೆಳಗ್ಗೆ ಐದಕ್ಕೇ ಜೀರುಂಡೆಗಳು ಕಿವಿ ತೂತಾಗುವಂತೆ ಹಚ್ಚಿಕೊಳ್ಳುತ್ತವೆ. ಆರಕ್ಕೆ ನಾನು ಬಾಯ್ಲರ್ ಹಚ್ಚುತ್ತೇನೆ. ಎಂಟು ಹೊಡೆಯುವಷ್ಟರಲ್ಲಿ ಮೈಮೇಲೆ ಒಂದು ಒಣ ನೂಲು ಉಳಿದಿರುವುದಿಲ್ಲ. ಅದರ ಮೇಲೆ ಓಣಿಯ ಹೆಂಗಸರು ಹಬ್ಬಕ್ಕೆ ಉಡುವ ಹತ್ತಿಯ ಯುಕಾತಾಗಳನ್ನು ತಂದು ಸುರಿದು, ಗಂಜಿ ಹೆಚ್ಚಾಗಬಾರದು ಫುಸಾಕೊ ಸಾನ್, ಕಡಿಮೆಯೂ ಆಗಬಾರದು ಎಂದು ಉಪದೇಶ ಬೇರೆ ಮಾಡಿ ಹೋಗುತ್ತಾರೆ. ನಲವತ್ತೆಂಟು ವರ್ಷದಿಂದ ಗಂಜಿ ಹಾಕುತ್ತಿದ್ದೇನೆ, ಈಗ ಇವರಿಂದ ಕಲಿಯಬೇಕಂತೆ.

ಆದರೆ ಈ ಬೇಸಿಗೆಯ ನನ್ನ ಸಿಟ್ಟು ಸೆಕೆಯದಲ್ಲ, ಗಂಜಿಯದೂ ಅಲ್ಲ. ಅದು ಯಾದನಾಳ ಸಲುವಾಗಿ ಬಂದದ್ದು. ಅವಳ ಬಗ್ಗೆ ಹೇಳಲೇಬೇಕು. ನಮ್ಮ ಓಣಿಯವರು ಅವಳ ಬಗ್ಗೆ ಹೇಳುವುದೆಲ್ಲ ಅರ್ಧ ಮಾತ್ರ, ಉಳಿದರ್ಧ ಅವರಿಗೆ ಬೇಕಿಲ್ಲ.

ಯಾದನಾ ಬರ್ಮಾದವಳು. ನನ್ನದು ಓಣಿಯ ಐದನೇ ಮನೆ, ಮುಂದೆ ಅಂಗಡಿ, ಹಿಂದೆ ವಾಸ. ಪಕ್ಕದ ಆರನೇ ಮನೆಗೆ ಅವಳು ಬಾಡಿಗೆಗೆ ಬಂದು ನಾಲ್ಕು ವರ್ಷ ದಾಟಿತು. ಗಂಡ ಬೇರೆ ಊರಿನ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುತ್ತಾನೆ, ತಿಂಗಳಿಗೊಮ್ಮೆ ಬಂದು ಎರಡು ದಿನ ಮಲಗಿ ಎದ್ದು ಹೋಗುತ್ತಾನೆ. ಮಗಳು ಥಿರಿ ಬಂದಾಗ ಎರಡು ವರ್ಷದ ಕೂಸು, ಈಗ ಆರು ತುಂಬಿ ಒಂದನೇ ತರಗತಿಗೆ ಹೋಗುತ್ತಾಳೆ. ಯಾದನಾ ಈ ದೇಶಕ್ಕೆ ಬಂದದ್ದು ಇಪ್ಪತ್ತನಾಲ್ಕರ ಹುಡುಗಿಯಾಗಿ. ಹಗಲು ಭಾಷೆ ಕಲಿಸುವ ಶಾಲೆ, ಸಂಜೆಯಾದರೆ ಬುತ್ತಿ ಕಾರ್ಖಾನೆ. ಸಾಗಿ ಬರುವ ಒಂದೊಂದು ಡಬ್ಬಿಯ ಅನ್ನದ ನಡುವೆ ಒಂದೊಂದು ಉಪ್ಪು ಹಾಕಿದ ಪ್ಲಮ್ ಹಣ್ಣು ಇಡುವ ಕೆಲಸ. ಎರಡು ವರ್ಷ ಅದನ್ನೇ ಮಾಡಿದಳಂತೆ, ಈಗಲೂ ಆ ಹಣ್ಣು ಕಂಡರೆ ಬೆರಳು ನೋಯುತ್ತದೆ ಅನ್ನುತ್ತಾಳೆ. ಆಮೇಲೆ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಸರ್ಕಾರದ ದೊಡ್ಡ ಪರೀಕ್ಷೆಯನ್ನೂ ಪಾಸು ಮಾಡಿದಳು. ಮುದುಕರನ್ನು ಎತ್ತುವುದು, ತೊಳೆಯುವುದು, ಉಣಿಸುವುದು, ಮಗ್ಗುಲು ಬದಲಿಸುವುದು. ನಮ್ಮ ಓಣಿಯ ಏಳನೇ ಮನೆಯ ಹಮಾನೊ ಇದ್ದಾಳಲ್ಲ, ಅವಳ ಅತ್ತೆಯೂ ಅದೇ ಆಶ್ರಮದಲ್ಲಿ ಯಾದನಾಳ ಕೈಯಲ್ಲೇ ಇದ್ದಾರೆ.

ಅವಳೇನು ಬಂಗಾರದ ಗೊಂಬೆ ಅಲ್ಲ. ರಜೆಯ ದಿನ ಸೀಗಡಿಯನ್ನು ಹುಳಿಹಿಡಿಸಿ ಅರೆದ ಅದೇನನ್ನೋ ಎಣ್ಣೆಗೆ ಹಾಕುತ್ತಾಳೆ, ಆಗ ನಾನು ಕಿಟಕಿ ಮುಚ್ಚುತ್ತೇನೆ, ಸುಳ್ಳು ಯಾಕೆ ಹೇಳಲಿ. ತಾಯಿಗೆ ಫೋನು ಮಾಡಿದರೆ ಬರ್ಮಾದವರೆಗೆ ಫೋನಿಲ್ಲದೆಯೇ ಕೇಳಿಸುವಂತೆ ಮಾತಾಡುತ್ತಾಳೆ. ಒಗೆದ ಬಟ್ಟೆ ಹಿಂಡುವುದಿಲ್ಲ, ನನ್ನ ಸೈಕಲ್ ಸೀಟಿನ ಮೇಲೆ ನೀರು ತೊಟ್ಟಿಕ್ಕುತ್ತದೆ. ಬೈದರೆ ಎದುರು ಮಾತಾಡುತ್ತಾಳೆ. "ಅಮ್ಮ, ನಿಮ್ಮ ಅಂಗಡಿ ಹಬೆ ನನ್ನ ಬಟ್ಟೆ ಒಣಗೋಕೆ ಬಿಡಲ್ಲ, ಮೊದಲು ಅದಕ್ಕೊಂದು ದಾರಿ ಮಾಡಿ" ಅಂದಿದ್ದಳು ಒಮ್ಮೆ. ನನಗೆ ಅವಳು ಹಿಡಿಸಿದ್ದೇ ಅಂದಿನಿಂದ. ಸಂಜೆ ಬೀದಿಗೆ ನೀರು ಚಿಮುಕಿಸುವಾಗ ನಾನು ಅವಳ ಬಾಗಿಲ ಮುಂದಕ್ಕೂ ಎರಡು ಚೊಂಬು ಎರಚುತ್ತೇನೆ, ಅವಳು ಮಾವಿನಕಾಯಿ ಉಪ್ಪಿನಕಾಯಿ ತಂದು ಕೊಡುತ್ತಾಳೆ. ಥಿರಿಯಂತೂ ಶಾಲೆ ಬಿಟ್ಟರೆ ನನ್ನ ಅಂಗಡಿಯ ಸ್ಟೂಲಿನ ಮೇಲೇ ಬೆಳೆಯುತ್ತಿರುವವಳು.

ಜುಲೈ ಕೊನೆಯ ವಾರ ಹಮಾನೊ ಯುಕಾತಾ ತಂದಳು. ಕೊಟ್ಟು ಹೋಗಬಹುದಿತ್ತು. ಬೀಸಣಿಗೆ ಬೀಸಿಕೊಳ್ಳುತ್ತ ನಿಂತಳು.

"ಭಾನುವಾರ ಚರಂಡಿ ಕ್ಲೀನ್ ಮಾಡೋಕೆ ಎಲ್ಲಾ ಮನೆಯಿಂದ್ಲೂ ಒಬ್ಬೊಬ್ರು ಬಂದಿದ್ರು ಫುಸಾಕೊ ಸಾನ್. ಒಂದು ಮನೆ ಬಿಟ್ಟು" ಎಂದಳು. ಹೆಸರು ಹೇಳಲಿಲ್ಲ. ನಮ್ಮವರು ಹೆಸರು ಹೇಳುವುದಿಲ್ಲ, ಗೋಡೆಯ ಕಡೆ ಗಲ್ಲ ಎತ್ತುತ್ತಾರೆ.

"ಡ್ಯೂಟಿ ಇತ್ತೇನೋ" ಎಂದೆ.

"ಇರಬಹುದು. ಬರೋಕಾಗಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ವಾ. ಕಸದ್ದೂ ಅದೇ ಕಥೆ. ಕಸ ಒಯ್ಯೋ ದಿನ ಗುರುವಾರಕ್ಕೆ ಬದಲಾಗಿ ಎರಡು ತಿಂಗಳಾಯ್ತು, ಅಲ್ಲಿಂದ ಇನ್ನೂ ಬುಧವಾರನೇ ಚೀಲ ಬರುತ್ತೆ. ಕಾಗೆ ಎಳೆದಾಡಿ ಬೀದಿಗೆಲ್ಲ ಹರಡುತ್ತೆ. ಮಗು ಬೆಳಗ್ಗೆ ಪಾರ್ಕಿಗೆ ರೇಡಿಯೊ ಹಾಕಿ ಮಾಡಿಸೋ ವ್ಯಾಯಾಮಕ್ಕೆ ಬರುತ್ತೆ, ಎಲ್ಲಾ ಮಕ್ಕಳ ಕೊರಳಲ್ಲೂ ಹಾಜರಿ ಕಾರ್ಡು, ಅದರ ಕೊರಳು ಖಾಲಿ. ಕೆನ್ನೆಗೆ ಬೇರೆ ಅದೇನೋ ಮಣ್ಣು."

"ಮಣ್ಣಲ್ಲ ಅದು. ಮರದ ತೊಗಟೆ ತೇಯ್ದು ಹಚ್ಚೋದು. ತಂಪಿಗೆ. ನಾನೂ ಹಚ್ಚಿಕೊಂಡು ನೋಡಿದೀನಿ."

"ಅಯ್ಯೋ, ನಾನು ತಪ್ಪು ಅಂದ್ನಾ? ಅವರವರ ಪದ್ಧತಿ. ಓಣಿ ಸಂಘದ ಸುತ್ತೋಲೆ ಓದಿದ್ರೆ ಎಲ್ಲಾ ಗೊತ್ತಾಗುತ್ತೆ, ಅಷ್ಟೇ ನಾನು ಹೇಳಿದ್ದು."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಅತ್ತೆಗೆ ದಿನಾ ತುತ್ತು ಮಾಡಿ ತಿನ್ನಿಸೋರು ಯಾರು ಹಮಾನೊ ಸಾನ್?" ಎಂದು ಕೇಳಿದೆ.

"ಅದು ಅವರ ಕೆಲಸ ಅಲ್ವಾ" ಎಂದಳು, ಬಹಳ ಮೆತ್ತಗೆ.

ಕೆಲಸವಂತೆ. ಅತ್ತೆಯನ್ನು ನೋಡಲು ತಿಂಗಳಿಗೊಮ್ಮೆ ಕೇಕ್ ಹಿಡಿದು ಹೋಗುವವಳು ಇವಳು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವವರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವಳ ಯುಕಾತಾಗೆ ಬೇಕಂತಲೇ ಗಂಜಿ ಜಾಸ್ತಿ ಹಾಕಿದೆ. ಹಪ್ಪಳದ ಹಾಗೆ ನಿಂತಿತು.

ಇಷ್ಟೇ ಆಗಿದ್ದರೆ ನಾನು ಗೊಣಗಿ ಸುಮ್ಮನಾಗುತ್ತಿದ್ದೆ. ನನ್ನನ್ನು ಬಿಡದೆ ಕಾಡಿದ್ದು ಬೇರೆ ವಿಷಯ.

ಓಣಿಯ ಮೂಲೆಯಲ್ಲಿ ನಮ್ಮ ಜಿಜೊ ಇದ್ದಾನೆ. ಮೊಣಕಾಲೆತ್ತರದ ಕಲ್ಲಿನ ದೇವರು, ಕೊರಳಿಗೆ ಕೆಂಪು ಬಟ್ಟೆ, ಮಕ್ಕಳನ್ನು ಕಾಯುವವನು. ಆಗಸ್ಟ್ ಇಪ್ಪತ್ಮೂರಕ್ಕೆ ಅವನ ಹಬ್ಬ. ಆ ಸಂಜೆ ಅವನ ಗುಡಿಯ ಮುಂದೆ ಓಣಿಯ ಪ್ರತಿ ಮಗುವಿನ ಹೆಸರಿನಲ್ಲೂ ಒಂದೊಂದು ಕಾಗದದ ಗೂಡುದೀಪ ತೂಗುತ್ತದೆ. ಮಗು ಹುಟ್ಟಿದರೆ, ಅಥವಾ ಓಣಿಗೆ ಹೊಸದಾಗಿ ಬಂದರೆ ಹೊಸ ದೀಪ ಮಾಡಿಸುತ್ತಾರೆ, ಮುಂದೆ ಪ್ರತಿ ವರ್ಷ ಅದನ್ನೇ ಕಟ್ಟುತ್ತಾರೆ. ಬಂದ ಮಕ್ಕಳೆಲ್ಲ ಮೊದಲು ಮಾಡುವ ಕೆಲಸ ತಲೆ ಎತ್ತಿ ತಮ್ಮ ದೀಪ ಹುಡುಕುವುದು. ಥಿರಿ ಮೂರು ವರ್ಷದವಳಿದ್ದಾಗ ನನ್ನ ಏಪ್ರನ್ನಿನ ಅಂಚು ಹಿಡಿದೆಳೆದು ಕೇಳಿದಳು, "ಅಜ್ಜಿ, ನಂದು ಯಾವುದು?"

ಅವಳದು ಇರಲಿಲ್ಲ. ನಾನು ಏನು ಹೇಳಲಿ? ನೀಲಿ ಹೂವು ಬರೆದಿದ್ದ ಒಂದು ದೀಪ ತೋರಿಸಿ, "ಅದೇ ನೋಡು, ನೀಲಿ ಹೂವಿಂದು" ಎಂದುಬಿಟ್ಟೆ. ಅದು ಹಮಾನೊಳ ಮಗಳು ಸಾಯಾಳದು. ಸಾಯಾ ಈಗ ಕಾಲೇಜು ಮುಗಿಸುತ್ತಿದ್ದಾಳೆ, ಹಬ್ಬದ ಕಡೆ ತಲೆ ಹಾಕುವುದಿಲ್ಲ, ದೀಪ ಮಾತ್ರ ರೂಢಿಯಲ್ಲಿ ತೂಗುತ್ತಿತ್ತು. ಮುಂದಿನ ವರ್ಷವೂ ಥಿರಿ ಕೇಳಿದಳು, ಅದನ್ನೇ ತೋರಿಸಿದೆ. ಅದರ ಮುಂದಿನ ವರ್ಷ ಕೇಳಲಿಲ್ಲ, ನಾನೇ ತೋರಿಸಿದೆ. ಮೂರು ಬೇಸಿಗೆ ಆ ಮಗು ಬೇರೆಯವರ ದೀಪದ ಕೆಳಗೆ ನಿಂತು ಕೈಮುಗಿಯಿತು.

ಈಗ ಅವಳಿಗೆ ಓದು ಬಂದಿದೆ. ಬಂದದ್ದೇ ಬಂದದ್ದು, ಹುಚ್ಚು ಹಿಡಿದ ಹಾಗೆ ಓದುತ್ತಾಳೆ. ನನ್ನ ಅಂಗಡಿಯ ಬೋರ್ಡು, ಸೋಪಿನ ಪೊಟ್ಟಣ, ಯುಕಾತಾಗಳಿಗೆ ಪಿನ್ನು ಮಾಡಿದ ಹೆಸರಿನ ಚೀಟಿ, ಒಂದನ್ನೂ ಬಿಡುವುದಿಲ್ಲ. ದೀಪದ ಮೇಲಿನ ಹೆಸರುಗಳು ಮಕ್ಕಳು ಓದಲೆಂದೇ ಸರಳ ಅಕ್ಷರದಲ್ಲಿ ಇರುತ್ತವೆ. ಈ ವರ್ಷ ಇಪ್ಪತ್ಮೂರನೇ ತಾರೀಕು ಅವಳು ಗುಡಿಯ ಮುಂದೆ ನಿಂತು ತಲೆ ಎತ್ತಿದರೆ ಏನಾಗುತ್ತದೆ? ಅದೊಂದೇ ಯೋಚನೆ. ಯಾರ ದೀಪವೋ ಇದು, ನನ್ನದಿಲ್ಲ ಎಂದು ಆ ಮಗು ಎಲ್ಲರ ಎದುರು ಕಂಡುಕೊಳ್ಳುತ್ತದೆ. ಅದಕ್ಕೂ ಮೊದಲು ಅವಳ ಹೆಸರಿನ ದೀಪ ಅಲ್ಲಿ ತೂಗಲೇಬೇಕು ಎಂದು ನಿರ್ಧಾರ ಮಾಡಿದೆ.

ಆಗಸ್ಟ್ ಹತ್ತಕ್ಕೆ ಅಂಗಡಿಗೆ ಬೀಗ ಹಾಕಿ ಒಂದನೇ ಮನೆಯ ನಿಶಿಗಾಕಿಯವರ ಹತ್ತಿರ ಹೋದೆ. ಓಣಿ ಸಂಘದ ಮುಖ್ಯಸ್ಥರು ಅವರು. ರೈಲ್ವೆಯಲ್ಲಿ ವೇಳಾಪಟ್ಟಿ ಮಾಡುತ್ತಿದ್ದವರು, ನಿವೃತ್ತಿಯಾದ ಮೇಲೆ ನಮಗೆಲ್ಲ ವೇಳಾಪಟ್ಟಿ ಹಾಕುತ್ತಾರೆ. ಟಿವಿಯಲ್ಲಿ ಶಾಲಾ ಹುಡುಗರ ಬೇಸ್‌ಬಾಲ್ ನಡೆಯುತ್ತಿತ್ತು. ನನ್ನ ಮುಖ ನೋಡಿ ಸದ್ದು ಕಡಿಮೆ ಮಾಡಿದರು.

"ನಾಲ್ಕು ವರ್ಷ ಆಯ್ತು ನಿಶಿಗಾಕಿ ಸಾನ್. ಥಿರಿ ಹೆಸರಲ್ಲಿ ದೀಪ ಯಾಕೆ ಮಾಡಿಸಿಲ್ಲ? ಬರ್ಮಾದ ಮಗು ಅಂತನಾ?"

"ಕೂತ್ಕೊಳ್ಳಿ ಫುಸಾಕೊ ಸಾನ್. ಸೆಕೆ ಇದೆ" ಎಂದು ತಣ್ಣನೆಯ ಬಾರ್ಲಿ ಚಹಾ ಬಗ್ಗಿಸಿದರು.

"ಸೆಕೆ ನನಗೇನು ಹೊಸದಲ್ಲ. ಹೇಳಿ."

"ಹೆಸರು ಬಂದ್ರೆ ಮಾಡಿಸ್ತೀವಿ. ಪ್ರತಿ ಜೂನ್ ತಿಂಗಳು ಸುತ್ತೋಲೆ ಕಳಿಸ್ತೀವಿ, ಹೊಸ ಮಗು ಇದ್ರೆ ಹೆಸರು ಬರೀರಿ ಅಂತ. ಆ ಮನೆಯಿಂದ ಹೆಸರೂ ಬಂದಿಲ್ಲ, ಓದಿದೀವಿ ಅನ್ನೋ ಮೊಹರೂ ಬಂದಿಲ್ಲ. ಇಷ್ಟ ಇಲ್ಲ ಅಂತ ತಿಳ್ಕೊಂಡ್ವಿ. ಅವರದು ಬೇರೆ ನಂಬಿಕೆ ಇರುತ್ತೆ, ಬಲವಂತ ಮಾಡಬಾರದು."

"ಬೇರೆ ನಂಬಿಕೆನಾ? ಬುದ್ಧನಿಗೆ ನೀರಿಡದೆ ಆ ಹೆಣ್ಣು ತೊಟ್ಟು ಚಹಾ ಕುಡಿಯಲ್ಲ. ನೀವು ಹೊಸ ವರ್ಷಕ್ಕೊಂದು ಸಲ ದೇವಸ್ಥಾನದ ಗಂಟೆ ಹೊಡೀತೀರಿ. ಯಾರದು ಬೇರೆ?"

ನಿಶಿಗಾಕಿ ಎದ್ದು ಹೋಗಿ ಒಂದು ದಪ್ಪ ಕಡತ ತಂದರು. ಹಳೆಯ ಸುತ್ತೋಲೆಗಳೆಲ್ಲ ಅದರಲ್ಲಿ ತಾರೀಕಿನ ಪ್ರಕಾರ ಪೇರಿಸಿದ್ದವು. ಹಸಿರು ಹಲಗೆಗೆ ಸಿಕ್ಕಿಸಿ ಓಣಿಯ ಹನ್ನೆರಡು ಮನೆಗೂ ಸುತ್ತುವ ಹಾಳೆಗಳು. ಓದಿ, ನಮ್ಮ ಮನೆಯ ಚೌಕದಲ್ಲಿ ಸಹಿಯ ಬದಲು ಹೆಸರಿನ ಮೊಹರು ಒತ್ತಿ, ಪಕ್ಕದ ಮನೆಗೆ ನಾವೇ ಕೊಟ್ಟು ಬರಬೇಕು. ನಿಶಿಗಾಕಿ ಒಂದೊಂದೇ ಹಾಳೆ ತಿರುವಿದರು. ಚರಂಡಿ, ಕಸದ ವಾರ, ವ್ಯಾಯಾಮದ ಕಾರ್ಡು, ಗೂಡುದೀಪ. ಎಲ್ಲದರ ಕೆಳಗೂ ಕೆಂಪು ಮೊಹರುಗಳ ಸಾಲು. ಐದನೇ ಚೌಕದಲ್ಲಿ ನನ್ನದು. ಆರನೆಯದು ಖಾಲಿ. ಏಳರಲ್ಲಿ ಹಮಾನೊ.

"ನೋಡಿ, ನಾಲ್ಕು ವರ್ಷದಿಂದ ಒಂದು ಮೊಹರೂ ಇಲ್ಲ" ಎಂದರು ನಿಶಿಗಾಕಿ. "ಅವರಿಗೆ ಇದನ್ನ ತಲುಪಿಸಬೇಕಾದ ಮನೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಗಲ್ಲ ಎತ್ತಲಿಲ್ಲ, ಅಷ್ಟರಮಟ್ಟಿಗೆ ಸಭ್ಯಸ್ಥರು.

ತಲುಪಿಸಬೇಕಾದ ಮನೆ ನನ್ನದು.

ಅವಳು ಬಂದ ಮೊದಲ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಹಲಗೆ ಹಿಡಿದು ಅವಳ ಬಾಗಿಲಿಗೆ ಹೋಗಿದ್ದೆ. ಒಳಗೆ ಕೂಸು ಅಳುತ್ತಿತ್ತು. ಪಾಪ, ಈ ಕಡ್ಡಿ ಕಡ್ಡಿ ಅಕ್ಷರ ಅವಳಿಗೆಲ್ಲಿ ಓದಲು ಬರುತ್ತದೆ, ದುಡಿದು ದಣಿದಿದ್ದಾಳೆ, ಇದೊಂದು ತಲೆನೋವು ಯಾಕೆ ಎಂದುಕೊಂಡು ಬಾಗಿಲು ತಟ್ಟದೆ ಮುಂದೆ ಹೋಗಿ ಹಮಾನೊಗೆ ಕೊಟ್ಟೆ. ಉಪಕಾರ ಮಾಡಿದೆ ಎಂದೇ ನನ್ನ ಲೆಕ್ಕ. ಎರಡನೇ ಸಲವೂ ಹಾಗೇ ಆಯಿತು. ಮೂರನೆಯ ಸಲದಿಂದ ಯೋಚನೆಯೂ ಇಲ್ಲ, ಕಾಲು ತಾನಾಗಿ ಏಳನೇ ಮನೆಗೆ ನಡೆಯುತ್ತಿತ್ತು. ನನಗೆ ಮಕ್ಕಳಿಲ್ಲ, ಮಕ್ಕಳ ವಿಷಯದ ಹಾಳೆ ಬಂದರೆ ಪೂರ್ತಿ ಓದದೆ ಮೊಹರು ಒತ್ತುತ್ತಿದ್ದೆ. ದೀಪದ ಹೆಸರನ್ನು ನಮ್ಮ ಕಾಲದಲ್ಲಿ ಮನೆಮನೆಗೆ ಬಂದು ಕೇಳುತ್ತಿದ್ದರು, ಈಗ ಅದೂ ಹಾಳೆಯಲ್ಲೇ ಬರುತ್ತದೆ ಎಂಬುದು ನನ್ನ ತಲೆಗೆ ಹೊಕ್ಕೇ ಇರಲಿಲ್ಲ. ಹಮಾನೊಳ ಎಲೆಯಲ್ಲಿ ಹುಡುಕಿದ ಹೆಗ್ಗಣ ನನ್ನ ಎಲೆಯಲ್ಲೇ ನಾಲ್ಕು ವರ್ಷದಿಂದ ಕೊಳೆಯುತ್ತಿತ್ತು.

ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ಬರೀ ನನ್ನ ಮೇಲೆ ಬಂತು ಎಂದರೆ ಅದೂ ಸುಳ್ಳು. ಐದನೇ ಮನೆಯವಳ ಕೈಯಿಂದ ನಾಲ್ಕು ವರ್ಷ ಹಲಗೆ ಈಸಿಕೊಂಡ ಹಮಾನೊ, ನಡುವಿನ ಮನೆ ಎಲ್ಲಿ ಹೋಯಿತು ಎಂದು ಒಂದು ಸಲ ಕೇಳಿದಳಾ? ಹಾಳೆ ಹಾಳೆಯಲ್ಲೂ ಖಾಲಿ ಚೌಕ ನೋಡಿ ನೋಡಿ ಕಡತಕ್ಕೆ ಸೇರಿಸಿದ ಈ ಮನುಷ್ಯ, ಒಂದು ಸಲ ಐದು ಹೆಜ್ಜೆ ನಡೆದು ಆ ಬಾಗಿಲು ತಟ್ಟಿದರಾ?

"ನೀವ್ಯಾಕೆ ಹೋಗಿ ಕೇಳಲಿಲ್ಲ?" ಎಂದೆ.

"ಮುಜುಗರ ಆಗುತ್ತೆ ಅಂತ" ಎಂದರು.

"ಯಾರಿಗೆ?"

ಅವರು ಟಿವಿ ಕಡೆ ತಿರುಗಿ ಬೇಸ್‌ಬಾಲ್ ನೋಡಿದರು. ಆಮೇಲೆ ಈ ವರ್ಷದ ದೀಪದ ಆರ್ಡರು ಜುಲೈಯಲ್ಲೇ ಮುಗಿದಿದೆ, ಇನ್ನು ಬರುವ ವರ್ಷ ಎಂದರು. ಕೊನೆಗೆ ಅವರು ಹೇಳಿದ ಮಾತು ಕೇಳಿ. ಮಾರ್ಚಿನಲ್ಲಿ ಕಡತವನ್ನು ಮುಂದಿನ ಮುಖ್ಯಸ್ಥರಿಗೆ ಒಪ್ಪಿಸಬೇಕು, ಇಷ್ಟೊಂದು ಚೌಕ ಖಾಲಿ ಇದ್ದರೆ ಚೆನ್ನಾಗಿರುವುದಿಲ್ಲ, ಹೇಗೂ ನೀವು ಹೋಗುತ್ತೀರಲ್ಲ, ಹಳೆಯ ಹಾಳೆಗಳಿಗೆಲ್ಲ ಆಕೆಯ ಕೈಯಲ್ಲಿ ಒಂದೊಂದು ಮೊಹರು ಒತ್ತಿಸಿಕೊಂಡು ಬನ್ನಿ ಎಂದರು. ಹಬ್ಬದ ಕೆಲಸ ಹಂಚುವ ಹೊಸ ಸುತ್ತೋಲೆಯ ಹಲಗೆಯನ್ನೂ ಕಡತದ ಮೇಲಿಟ್ಟು ಕೊಟ್ಟರು.

ಮರುದಿನ ಯಾದನಾಗೆ ರಜೆ. ಅವಳ ಅಡುಗೆಮನೆಯ ಕಿಟಕಿ ಓಣಿಗೇ ತೆರೆದಿದೆ. ಹಲಗೆ ಹಿಡಿದು ಬರುತ್ತಿದ್ದ ನನ್ನನ್ನು ಒಲೆಯ ಮುಂದಿನಿಂದಲೇ ನೋಡಿದಳು. ನಾನು ಬಾಗಿಲು ತಟ್ಟಿದಾಗ ಕೂಡಲೇ ತೆರೆಯಲಿಲ್ಲ. ತೆರೆದಾಗ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು.

ನಾನು ಸುತ್ತಿ ಬಳಸಿ ಹೇಳುವವಳಲ್ಲ. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ನಿನಗೆ ಓದಲು ಬರುವುದಿಲ್ಲ ಅಂದುಕೊಂಡೆ, ನಾನೇ ದಾಟಿಸಿಕೊಂಡು ಹೋದೆ, ಚರಂಡಿ, ಕಸ, ಕಾರ್ಡು, ದೀಪ ಎಲ್ಲ ಇದರಿಂದಲೇ ಆದದ್ದು, ತಪ್ಪು ನನ್ನದು ಎಂದೆ. ತಲೆ ಬಗ್ಗಿಸಿದೆ. ಅವಳು ಪರವಾಗಿಲ್ಲ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ.

"ನನಗೆ ಓದೋಕೆ ಬರಲ್ಲ ಅಂತ ಯಾರು ಹೇಳಿದ್ರು?" ಎಂದಳು. "ಅಮ್ಮ, ಹಮಾನೊ ಸಾನ್ ಅತ್ತೆ ಬೆನ್ನ ಮೇಲೆ ಹುಣ್ಣಾದ್ರೆ ಅದು ಎಷ್ಟಗಲ, ಎಷ್ಟು ಆಳ, ಯಾವ ಬಣ್ಣ ಅಂತ ಡಾಕ್ಟರಿಗೆ ಬರೆದು ಕೊಡೋಳು ನಾನು. ನಿಮ್ಮ ಕಡ್ಡಿ ಅಕ್ಷರದಲ್ಲೇ. ದಿನಾ ಬರೀತೀನಿ."

"ಗೊತ್ತಾಯ್ತು" ಎಂದೆ.

"ಈಗ ಗೊತ್ತಾಯ್ತು." ಅವಳ ಧ್ವನಿ ಏರಲಿಲ್ಲ, ತಾಯಿಯ ಜೊತೆ ಫೋನಿನಲ್ಲಿ ಕೂಗಾಡುವವಳು ಅಂದು ಏರಿಸಲೇ ಇಲ್ಲ. "ಇದೇ ಕಿಟಕಿ ಅಮ್ಮ. ಇಲ್ಲಿ ನಿಂತು ನೋಡ್ತಿದ್ದೆ. ನೀವು ಆ ಹಸಿರು ಹಲಗೆ ಹಿಡ್ಕೊಂಡು ಮನೆಯಿಂದ ಹೊರಗೆ ಬಂದ್ರೆ, ಇಲ್ಲಿಗೇ ಬರ್ತೀರಿ ಅಂತ ಒಲೆ ಸಣ್ಣ ಮಾಡಿ ಕೈ ಒರೆಸ್ಕೊಳ್ತಿದ್ದೆ. ನೀವು ಕಿಟಕಿ ಮುಂದೆ ದಾಟಿಕೊಂಡು ಹೋಗ್ತಿದ್ರಿ. ಒಂದೆರಡು ಸಲ ಅಲ್ಲ. ಮೊದಲ ವರ್ಷ ಪೂರ್ತಿ ಕೈ ಒರೆಸ್ಕೊಂಡೆ. ಆಮೇಲೆ ಬಿಟ್ಟೆ."

ನನಗೆ ಎಲ್ಲಿ ನೋಡಬೇಕು ಎಂದು ತಿಳಿಯಲಿಲ್ಲ. "ಒಂದು ಮಾತು ಕೇಳಬಾರದಿತ್ತಾ ಯಾದನಾ" ಎಂದೆ.

"ಏನಂತ ಕೇಳ್ಲಿ? ಅದರಲ್ಲಿ ಏನಿದೆ ಅಂತ ಗೊತ್ತಿದ್ರೆ ತಾನೆ ನನಗ್ಯಾಕಿಲ್ಲ ಅಂತ ಕೇಳೋದು? ಇದು ಇವರಿವರ ವಿಷಯ, ನಮಗಲ್ಲ ಅಂದ್ಕೊಂಡೆ. ಕಸದ ಚೀಲಕ್ಕೆ ಏನೂ ಬರೆಯದ ಕೆಂಪು ಚೀಟಿ ಅಂಟಿಸಿ ವಾಪಸ್ ಬಾಗಿಲಿಗೆ ತಂದಿಡ್ತಿದ್ರು. ಯಾಕೆ ಅಂತ ಯಾರೂ ಹೇಳಲಿಲ್ಲ. ಥಿರಿ ಕೇಳ್ತಾಳೆ, ಅಮ್ಮ ನಮ್ಮ ಚೀಲಕ್ಕೆ ಮಾತ್ರ ಯಾಕೆ ಕೆಂಪು ಅಂತ. ನಾನೇನು ಹೇಳ್ಲಿ?"

ಅವಳು ಒಳಗೆ ಹೋಗಿ ಒಲೆ ಆರಿಸಿ ಬಂದಳು. ಸೀಗಡಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ನಾನು ಮೂಗು ಮುಚ್ಚಲಿಲ್ಲ. ಹೊಸ ಸುತ್ತೋಲೆ ಈಸಿಕೊಂಡು ಬಾಗಿಲಿಗೊರಗಿ ಮೊದಲಿಂದ ಕೊನೆಯವರೆಗೆ ಓದಿದಳು. ಹಬ್ಬದ ಮಧ್ಯಾಹ್ನ ಮಕ್ಕಳ ಜೊತೆ ಗುಡಿಯಲ್ಲಿ ಕೂರುವವರ ಪಟ್ಟಿಯಲ್ಲಿ ತನ್ನ ಹೆಸರು ಬರೆದಳು. ಡ್ರಾಯರಿನಿಂದ ತನ್ನ ಮೊಹರು ತಂದಳು. ಬ್ಯಾಂಕಿಗೆಂದು ಒಂಬತ್ತು ವರ್ಷದ ಹಿಂದೆ ಮಾಡಿಸಿದ್ದಂತೆ. ಆರನೇ ಚೌಕದಲ್ಲಿ ಒತ್ತಿ ಹಿಡಿದಳು.

ನಾನು ಕಡತ ಮುಂದಿಟ್ಟು ನಿಶಿಗಾಕಿ ಹೇಳಿದ್ದನ್ನು ಹೇಳಿದೆ. ಹೇಳುವಾಗಲೇ ನಾಚಿಕೆಯಾಯಿತು.

"ಹಳೇದಕ್ಕೆಲ್ಲ ನಾನು ಮೊಹರು ಹಾಕಬೇಕಾ? ಓದಿದೀನಿ ಅಂತ?"

"ಹಾಗೆ ಹೇಳಿ ಕಳಿಸಿದ್ರು."

"ಹಾಕಲ್ಲ" ಎಂದಳು. "ಅವು ಖಾಲಿನೇ ಇರ್ಲಿ. ಮುಂದೆ ಬರೋರು ತಿರುವಿ ನೋಡ್ಲಿ. ಯಾಕೆ ಖಾಲಿ ಅಂತ ಕೇಳ್ಲಿ. ನೀವೇ ಉತ್ತರ ಹೇಳಿ."

ಸರಿಯಾಗಿ ಹೇಳಿದಳು. ಕಡತ ತೆಗೆದುಕೊಂಡು ಹೋಗಿ ನಿಶಿಗಾಕಿಯವರ ಬೇಸ್‌ಬಾಲ್ ಮುಂದೆ ದೊಪ್ಪನೆ ಹಾಕಿದೆ. ಹಲಗೆಯನ್ನು ಯಾದನಾ ತಾನೇ ಹಮಾನೊಳ ಮನೆಗೆ ಒಯ್ದು ಕೊಟ್ಟು ಬಂದಳು. ಹಮಾನೊ ಏನಂದಳು ಎಂದು ಕೇಳಿದೆ. "ಅಯ್ಯೋ, ನೀವು ಬಂದ್ರಾ, ತೊಂದ್ರೆ ಆಯ್ತಲ್ಲ ಅಂದ್ರು. ತೊಂದ್ರೆ ಏನಿಲ್ಲ, ಪಕ್ಕದ ಮನೆ ಅಂದೆ" ಎಂದಳು ಯಾದನಾ.

ಮುಂದಿನ ಗುರುವಾರ ಬೆಳಗ್ಗೆ ಕಸದ ಚೀಲಗಳ ಸಾಲಿನಲ್ಲಿ ಅವಳದೂ ಇತ್ತು. ಆದರೆ ನನ್ನ ಜೊತೆ ಮಾತು ಕಡಿಮೆಯಾಯಿತು. ಸಂಜೆ ನಾನು ಅವಳ ಬಾಗಿಲ ಮುಂದೆ ನೀರು ಚಿಮುಕಿಸಿದರೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು. ಉಪ್ಪಿನಕಾಯಿ ಬರಲಿಲ್ಲ. ಬರಬೇಕು ಎಂದು ನಿರೀಕ್ಷಿಸಲು ನನಗೆ ಮುಖವೂ ಇರಲಿಲ್ಲ.

ದೀಪದ ವಿಷಯಕ್ಕೆ ಮಾತ್ರ ನಾನು ಬಿಡಲಿಲ್ಲ. ಪೇಟೆಯ ಪೂಜಾ ಸಾಮಾನಿನ ಅಂಗಡಿಗೆ ಹೋಗಿ ಬಿಳಿಯ ಖಾಲಿ ಗೂಡುದೀಪ ಒಂದನ್ನು ತಂದೆ. ಇಪ್ಪತ್ತೊಂದನೇ ತಾರೀಕು ನನ್ನ ಇಸ್ತ್ರಿ ಮೇಜಿನ ಮೇಲೆ ಯಾದನಾ ಕುಂಚ ಹಿಡಿದು ಮಗಳ ಹೆಸರು ಬರೆದಳು. ಮೊದಲು ನಮ್ಮ ಅಕ್ಷರದಲ್ಲಿ, ದಪ್ಪವಾಗಿ. ಅದರ ಕೆಳಗೆ ತಮ್ಮ ಅಕ್ಷರದಲ್ಲಿ, ಗುಂಡು ಗುಂಡಾಗಿ, ಗುಂಡಿಗಳನ್ನು ಸಾಲಾಗಿ ಹೊಲಿದ ಹಾಗೆ. ಹಿಂದಿನ ಮಗ್ಗುಲು ಬೋಳಾಗಿತ್ತು. ಅಲ್ಲಿ ನೀಲಿ ಹೂವು ನಾನೇ ಬರೆಯುತ್ತೇನೆ ಎಂದೆ. ಯಾಕೆ ನೀಲಿ ಹೂವು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಬ್ಬದ ದಿನ ಗುಡಿಯ ಮುಂದೆ ನಿಶಿಗಾಕಿ ಏಣಿ ಹತ್ತಿ ದೀಪ ಕಟ್ಟುತ್ತಿದ್ದರು. ಥಿರಿಯ ದೀಪವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಬಾಕಿ ಎಲ್ಲಾ ಒಬ್ಬರೇ ಬರೆದಿದ್ದು. ಇದೊಂದು ಬೇರೆ ಥರ ಕಾಣುತ್ತೆ" ಎಂದರು. "ಈ ಕೆಳಗಡೆ ಅಕ್ಷರ... ಜನ ಏನಾದ್ರೂ ಅಂದ್ಕೊಂಡ್ರೆ?"

ನಾನು ಬಾಯಿ ತೆರೆಯುವ ಮೊದಲೇ ಯಾದನಾ ಮುಂದೆ ಬಂದಳು. ಗುಡಿಯ ಕಂಬಕ್ಕೆ ಸಂಘದ ನಿಯಮದ ಹಾಳೆ ಅಂಟಿಸಿತ್ತು. ಅದರ ಮೇಲೆ ಬೆರಳಿಟ್ಟು ಓದಿದಳು, ಓಣಿಯ ಹೆಂಗಸರೆಲ್ಲ ಕೇಳುವಂತೆ, ತಡವರಿಸದೆ. "ಓಣಿಯಲ್ಲಿ ವಾಸವಾಗಿರುವ ಎಲ್ಲ ಮಕ್ಕಳ ಹೆಸರಿನಲ್ಲಿಯೂ ದೀಪ ಕಟ್ಟತಕ್ಕದ್ದು." ಓದಿ ತಿರುಗಿದಳು. "ಯಾವ ಅಕ್ಷರ ಅಂತ ಬರೆದಿಲ್ಲ ನಿಶಿಗಾಕಿ ಸಾನ್. ಯಾರು ಬರೀಬೇಕು ಅಂತಾನೂ ಬರೆದಿಲ್ಲ. ಓದಲೇನು ಇನ್ನೊಂದ್ಸಲ?"

ಬೇಡ ಎಂದರು. ಕಟ್ಟಿದರು. ಹಪ್ಪಳದಂಥ ಯುಕಾತಾ ಉಟ್ಟು ಕೈ ಮಡಿಸಲಾಗದೆ ನಿಂತಿದ್ದ ಹಮಾನೊ, ಅಕ್ಷರ ಚೆನ್ನಾಗಿದೆ ಎಂದು ಗೊಣಗಿದಳು. ಸಾಯಾಳ ಹಳೆಯ ದೀಪವನ್ನು ಈ ವರ್ಷ ಕಟ್ಟುವುದು ಬೇಡ ಎಂದು ತಾನೇ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಹಬ್ಬಕ್ಕೇ ಬಾರದ ಮಗಳಿಗೆ ದೀಪ ಯಾಕೆ ಎಂದು ಅವಳಿಗೆ ಅಷ್ಟಾದರೂ ಹೊಳೆಯಿತಲ್ಲ.

ಸಂಜೆ ದೀಪ ಹಚ್ಚಿದರು. ಕೆನ್ನೆಗೆ ತೊಗಟೆಯ ಗಂಧ ಹಚ್ಚಿಕೊಂಡು ಥಿರಿ ಬಂದಳು. ಒಂದು ತುದಿಯಿಂದ ಹೆಸರುಗಳನ್ನು ಜೋರಾಗಿ ಓದುತ್ತ ಬಂದು ತನ್ನದರ ಕೆಳಗೆ ನಿಂತಳು. ತನ್ನ ಹೆಸರನ್ನು ಮಾತ್ರ ಜೋರಾಗಿ ಓದಲಿಲ್ಲ, ತುಟಿ ಮಾತ್ರ ಆಡಿತು. ಹಳೆಯ ಸುಳ್ಳನ್ನು ನಾನು ಹೇಳಿಕೊಳ್ಳದೆ ಇದ್ದರೂ ನಡೆಯುತ್ತಿತ್ತು. ಆದರೆ ಹೇಳದೆ ಹೇಳದೆಯೇ ಅಲ್ಲವೇ ಇಷ್ಟೆಲ್ಲ ಆದದ್ದು? ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ.

"ಥಿರಿ, ಆವತ್ತೆಲ್ಲ ನಾನು ತೋರಿಸ್ತಿದ್ದೆನಲ್ಲ ನೀಲಿ ಹೂವಿನ ದೀಪ. ಅದು ನಿಂದಲ್ಲ. ನಾನು ಸುಳ್ಳು ಹೇಳಿದ್ದೆ."

"ಗೊತ್ತು ಅಜ್ಜಿ" ಎಂದಳು, ದೀಪದಿಂದ ಕಣ್ಣು ತೆಗೆಯದೆ. "ಹೋದ ವರ್ಷನೇ ಓದಿದ್ದೆ. ಸಾಯಾ ಅಂತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಅಜ್ಜಿಗೆ ಮುಜುಗರ ಆಗುತ್ತೆ ಅಂತ."

ಐದು ವರ್ಷದ ಕೂಸು. ಬೇರೆಯವರ ದೀಪ ಎಂದು ಗೊತ್ತಿದ್ದೂ ನಾನು ತೋರಿಸಿದಾಗ ತಲೆಯಾಡಿಸಿ ಕೈಮುಗಿದಿತ್ತು. ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಸ್ಟೂಲಿನ ಮೇಲೆ ಕೂತು ಸೋಪಿನ ಪೊಟ್ಟಣ ಓದಿತ್ತು. ನಿಶಿಗಾಕಿಯ ಬಾಯಲ್ಲಿ ಕೇಳಿದ್ದ ಅದೇ ಮಾತು ಆ ಮಗುವಿನ ಬಾಯಲ್ಲಿ ಬಂದಾಗ ನನಗೆ ಅಳು ಬಂತೋ ಸಿಟ್ಟು ಬಂತೋ ಹೇಳಲಾರೆ. ಹಾಜರಿ ಕಾರ್ಡು ಕೊಡಲಿಲ್ಲ, ದೀಪ ಕೊಡಲಿಲ್ಲ, ಇದೊಂದನ್ನು ಮಾತ್ರ ನಾವೆಲ್ಲ ಸೇರಿ ಅವಳಿಗೆ ಚೆನ್ನಾಗಿ ಕಲಿಸಿಬಿಟ್ಟಿದ್ದೆವು.

ಅವಳ ಎರಡೂ ಭುಜ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. "ಇನ್ನು ಮೇಲೆ ಹಾಗೆ ಮಾಡಬೇಡ. ಮುಜುಗರ ಆದ್ರೆ ಆಗ್ಲಿ, ಸತ್ತೇನೂ ಹೋಗಲ್ಲ. ಏನಿದ್ರೂ ಮುಖಕ್ಕೆ ಹೇಳ್ಬೇಕು, ಗೊತ್ತಾಯ್ತಾ?"

ಥಿರಿ ನನ್ನನ್ನು ನೋಡಿದಳು. ಗುಡಿಯೊಳಗೆ ಕೂತಿದ್ದ ತಾಯಿಯನ್ನು ನೋಡಿದಳು. ಯಾದನಾ ಕಿವಿಗೊಟ್ಟು ಕೇಳುತ್ತಿದ್ದಳು. ಮಗಳಿಗೆ ಹೂಂ ಎಂಬಂತೆ ತಲೆಯಾಡಿಸಿದಳು.

"ಹಾಗಾದ್ರೆ ಹೇಳ್ತೀನಿ" ಎಂದಳು ಥಿರಿ. "ಅಜ್ಜಿ, ನೀನು ಬರೆದಿರೋ ಹೂವು ಚೆನ್ನಾಗಿಲ್ಲ. ಎಲೆಕೋಸಿನ ಥರ ಇದೆ."

ಎದ್ದು ದೀಪದ ಹಿಂದಿನ ಮಗ್ಗುಲಿಗೆ ಹೋಗಿ ನೋಡಿದೆ. ಹೌದು, ಎಲೆಕೋಸಿನ ಹಾಗೇ ಇತ್ತು.